ರೊಟ್ಟಿಗಳು ದಡಕ್ಕೆ ಬಂದ ದಿನ

ಬ್ಯಾಕ್ಟೀರಿಯಾಗಳಿಗೆ ನಾಲಿಗೆಯಿಲ್ಲ ಎಂದು ನಾನು ಹನ್ನೊಂದು ವರ್ಷ ನಂಬಿದ್ದೆ. ಬರೀ ಹೊಟ್ಟೆಯೇ ಆಗಿರುವ ಜೀವಿಗೆ ರುಚಿಯ ಉಸಾಬರಿ ಏಕೆ? ಸಮುದ್ರಕ್ಕೆ ಚೆಲ್ಲಿದ ಕಪ್ಪು ಎಣ್ಣೆಯನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ನಿಸರ್ಗದಲ್ಲೇ ಇವೆ. ಆದರೆ ಅವು ಚದುರಿಕೊಂಡಿರುತ್ತವೆ, ಎಣ್ಣೆ ಇರುವಲ್ಲಿಗೆ ಹೋಗಲು ಅವಕ್ಕೆ ಕಾಲಿಲ್ಲ. ಅವಕ್ಕೆ ಒಂದು ಮನೆ ಕಟ್ಟಿಕೊಟ್ಟು, ಊಟ ಇರುವ ಕಡೆಗೆ ಆ ಮನೆಯೇ ನಡೆದು ಹೋಗುವಂತೆ ಮಾಡಿದರೆ? ಈ ಒಂದು ‘ಮಾಡಿದರೆ’ಯ ಹಿಂದೆ ನನ್ನ ಯೌವನವೆಲ್ಲ ಹೋಯಿತು.

ಕೊನೆಗೆ ಕೈಗೆ ಬಂದದ್ದು ಬೂರುಗದ ಅರಳೆಯನ್ನು ಒತ್ತಿ ಮಾಡಿದ ಒಂದು ಗುಂಡನೆಯ ತಟ್ಟೆ. ಬೂರುಗದ ಅರಳೆ ನೀರನ್ನು ಒಲ್ಲದು, ಎಣ್ಣೆಯನ್ನು ಬಿಡದು. ಅದರ ಎಳೆಗಳ ನಡುವೆ ಬ್ಯಾಕ್ಟೀರಿಯಾಗಳ ಸಂಸಾರ. ಅವು ಎಣ್ಣೆ ತಿನ್ನುವಾಗ ಒಂದಿಷ್ಟು ವಿದ್ಯುತ್ತು ಹುಟ್ಟುತ್ತದೆ, ತಟ್ಟೆಯ ಅಂಚಿನಲ್ಲಿರುವ ಸಣ್ಣ ಸಣ್ಣ ರೆಕ್ಕೆಗಳು ಅದರಿಂದ ಆಡುತ್ತವೆ. ಯಾವ ಬದಿಯಲ್ಲಿ ಊಟ ಹೆಚ್ಚೋ ಆ ಬದಿಗೆ ತಟ್ಟೆ ಸರಿಯುತ್ತದೆ. ಬ್ಯಾಟರಿ ಬೇಡ, ಚಾಲಕ ಬೇಡ. ಅದು ತಿನ್ನುತ್ತಿದ್ದರೆ ನಿಯಂತ್ರಣ ಕೊಠಡಿಯ ಪರದೆಯಲ್ಲಿ ಹಸಿರು ಚುಕ್ಕೆ, ಹಸಿದಿದ್ದರೆ ಹಳದಿ ಚುಕ್ಕೆ. ಕಾಗದದಲ್ಲಿ ಅದರ ಹೆಸರು ‘ಸ್ವಯಂಚಾಲಿತ ಜೈವಿಕ ತೈಲಶೋಷಕ’. ನಾನು ಗದಗಿನ ಕಡೆಯವಳು ಎಂದು ತಿಳಿದ ದಿನವೇ ಬೇಲೆಕೋಡಿಯ ಜನ ಅದಕ್ಕೆ ‘ರೊಟ್ಟಿ’ ಎಂದು ಹೆಸರಿಟ್ಟರು. ಗಾತ್ರವೂ ಬಣ್ಣವೂ ಹಾಗೇ ಇದ್ದದ್ದರಿಂದ ನಾನೂ ಜಗಳಕ್ಕೆ ಹೋಗಲಿಲ್ಲ.

ಬೇಲೆಕೋಡಿಯೆಂದರೆ ಹೊಳೆಯೊಂದು ಸಮುದ್ರ ಸೇರುವಲ್ಲಿ ಮರಳಿನ ಕೋಡಿಯ ಮೇಲೆ ಕುಳಿತಿರುವ ಹರಿಕಂತ್ರ ಮೀನುಗಾರರ ಊರು. ಹಾಳುಬಿದ್ದಿದ್ದ ಐಸ್ ಕಾರ್ಖಾನೆಯ ಮಾಳಿಗೆಯಲ್ಲಿ ನಮ್ಮ ಪ್ರಯೋಗಾಲಯ ಮತ್ತು ನಿಯಂತ್ರಣ ಕೊಠಡಿ. ನಾನು ಬಾಡಿಗೆಗಿದ್ದದ್ದು ಬುದವಂತಿ ಎಂಬ ಅರವತ್ತು ದಾಟಿದ ಹೆಂಗಸಿನ ಮನೆಯಲ್ಲಿ. ಅವಳ ಕಸುಬು ತಾರ್ಲೆ ಮೀನು ಬೇಯಿಸಿ ಎಣ್ಣೆ ತೆಗೆಯುವುದು. ಸಮುದ್ರಕ್ಕೆ ಪ್ಲಾಸ್ಟಿಕ್ ಚೂರು ಉದುರಿಸುತ್ತವೆಂದು ಫೈಬರ್ ದೋಣಿಗಳನ್ನು ನಿಲ್ಲಿಸಿ ಆಗಲೇ ಆರು ವರ್ಷವಾಗಿತ್ತು. ಮರದ ದೋಣಿಗಳು ಮರಳಿ ಬಂದಿದ್ದವು, ಅವುಗಳ ಹಿಂದೆಯೇ ತಾರ್ಲೆ ಎಣ್ಣೆಯೂ ಬಂದಿತ್ತು. ಮಳೆಗಾಲದಲ್ಲಿ ದಡಕ್ಕೆ ಎಳೆದಿಟ್ಟ ದೋಣಿಯ ಹಲಗೆಗೆ ಆ ಎಣ್ಣೆ ತಿಕ್ಕದಿದ್ದರೆ ನೀರು ಒಳಗಿಳಿದು ಮರ ಕೊಳೆಯುತ್ತದೆ.

ಹೂ ಕಟ್ಟುವವರ ಮನೆಯಲ್ಲಿ ಹುಟ್ಟಿದ ನನ್ನ ಮೂಗಿಗೆ ಆ ವಾಸನೆ ಒಂದು ಶಿಕ್ಷೆಯಾಗಿತ್ತು. ಬುದವಂತಿ ಅದನ್ನು ನೋಡಿ ನಗುತ್ತಿದ್ದಳು. ಎಣ್ಣೆ ತಿಕ್ಕಿದ ಹಲಗೆಯ ಮೇಲೆ ಅವಳು ಒಂದು ಬೊಗಸೆ ನೀರು ಸುರಿಯುತ್ತಿದ್ದಳು. ನೀರು ಹರಡಿ ಅಂಟಿಕೊಂಡರೆ ಇನ್ನೊಂದು ಕೈ ಎಣ್ಣೆ. ಕೆಸುವಿನೆಲೆಯ ಮೇಲಿನಂತೆ ಮಣಿಮಣಿಯಾಗಿ ಉರುಳಿ ಹೋದರೆ, “ಒಪ್ತು” ಎನ್ನುತ್ತಿದ್ದಳು. ಅವಳ ಬಾಯಲ್ಲಿ ‘ಒಪ್ತು’ ಬರದೆ ಆ ಊರಿನ ಯಾವ ದೋಣಿಯೂ ನೀರಿಗಿಳಿಯುತ್ತಿರಲಿಲ್ಲ.

ನಾನು ಈ ಕೆಲಸಕ್ಕೆ ಏಕೆ ಬಿದ್ದೆ ಎಂಬುದನ್ನೂ ಹೇಳಿಬಿಡಬೇಕು. ವಿದ್ಯಾರ್ಥಿನಿಯಾಗಿದ್ದಾಗ ಬೇರೊಂದು ಕರಾವಳಿಯಲ್ಲಿ ಎಣ್ಣೆ ಮೆತ್ತಿದ ಹಕ್ಕಿಗಳನ್ನು ತೊಳೆಯಲು ಹೋಗಿದ್ದೆ. ಹಕ್ಕಿಯ ಗರಿಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಹೆಣೆದಿರುತ್ತವೆ, ಅದರಿಂದಲೇ ನೀರು ಒಳಗೆ ಬಾರದು. ಎಣ್ಣೆ ತಾಗಿದರೆ ಆ ಕೊಂಡಿ ಬಿಡುತ್ತದೆ. ನಾನು ಒಂದು ಕಡಲಕಾಗೆಯನ್ನು ಸೋಪಿನ ನೀರಲ್ಲಿ ಬೆಳ್ಳಗೆ ತೊಳೆದು, ಎಲ್ಲರಿಗಿಂತ ಮೊದಲು ನಾನೇ ಬಿಡಬೇಕೆಂಬ ಆತುರದಲ್ಲಿ ನೀರಿಗೆ ಬಿಟ್ಟೆ. ಗರಿಯಲ್ಲಿ ಸೋಪು ಉಳಿದಿತ್ತು. ಸೋಪೂ ಆ ಕೊಂಡಿಯನ್ನು ಬಿಡಿಸುತ್ತದೆ. ಹಕ್ಕಿ ನನ್ನ ಕಣ್ಣೆದುರೇ ಒದ್ದೆಯಾಗುತ್ತಾ ಹೋಗಿ, ಕುತ್ತಿಗೆಯವರೆಗೆ ಇಳಿದು, ಮುಳುಗಿತು. ಅದನ್ನು ಕೊಂದದ್ದು ಎಣ್ಣೆಯಲ್ಲ, ನಾನು. ಆಮೇಲೆ ನಾನು ಯಾವ ಹಕ್ಕಿಯನ್ನೂ ಮುಟ್ಟಲಿಲ್ಲ. ಎಣ್ಣೆ ಹಕ್ಕಿಯ ತನಕ ಬಾರದ ಹಾಗೆ ಮಾಡುವುದೊಂದೇ ನನ್ನ ಕೈಲಾದದ್ದು ಎಂದುಕೊಂಡೆ.

ಬೇಲೆಕೋಡಿಯಿಂದ ಐದು ಕಿಲೋಮೀಟರ್ ಆಚೆ ಸಮುದ್ರದಲ್ಲಿ ಬೆಳ್ಗಲ್ಲು ಎಂಬ ಬಂಡೆಯಿದೆ. ಮಳೆಗಾಲದಲ್ಲಿ ಅಲ್ಲಿ ಏಳುನೂರು ಜೋಡಿ ರೀವ ಹಕ್ಕಿಗಳು ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಊರವರು ಅವನ್ನು ಕಡಲಹಕ್ಕಿ ಎನ್ನುತ್ತಾರೆ. ಅವು ಗುಂಪಾಗಿ ಎಲ್ಲಿ ಎರಗುತ್ತವೋ ಅಲ್ಲಿ ತಾರ್ಲೆಯ ಹಿಂಡು ಇದ್ದೇ ಇರುತ್ತದೆ. ಬೇಲೆಕೋಡಿಯ ದೋಣಿಗಳಿಗೆ ಅವೇ ಕಣ್ಣು.

ಜುಲೈ ಕೊನೆಯ ವಾರದ ಒಂದು ಬೆಳಿಗ್ಗೆ ಸುದ್ದಿ ಬಂತು. ದೂರದಲ್ಲಿ ಒಂದು ಹಡಗಿನ ಹೊಟ್ಟೆ ಬಿರಿದು ಕಪ್ಪು ಎಣ್ಣೆ ಹರಿದಿತ್ತು. ಬಹುಪಾಲನ್ನು ದೊಡ್ಡ ಹಡಗುಗಳು ಬಲೂನು ಬೇಲಿ ಹಾಕಿ ತಡೆದಿದ್ದವು. ಒಂದು ನಾಲಿಗೆ ಮಾತ್ರ ತಪ್ಪಿಸಿಕೊಂಡು ಪಡುವಣ ಗಾಳಿಯ ಜೊತೆ ನಮ್ಮ ಕಡೆ ಹೊರಟಿತ್ತು.

ಪರದೆಯ ಮುಂದೆ ಕೂರುತ್ತಿದ್ದವಳು ಫಿಲೋಮಿನಾ ಲೋಪಿಸ್. ಹೊನ್ನಾವರದವಳು, ಭೂಕಂಪವಾದರೂ ಒಂದೇ ದನಿಯಲ್ಲಿ ವರದಿ ಹೇಳುವವಳು. “ನಾಳಿದ್ದು ಮಧ್ಯಾಹ್ನ ಬೆಳ್ಗಲ್ಲಿಗೆ ಬಂದು ಮುಟ್ತದೆ ಮೇಡಂ. ಮರಿಗಳೆಲ್ಲ ಈಗಷ್ಟೇ ನೀರಿನ ಅಂಚಿಗೆ ಇಳಿಯೂಕೆ ಹಿಡಿದವೆ.”

ಅವಳು ಹೇಳದೆ ಬಿಟ್ಟದ್ದು ನನಗೆ ಗೊತ್ತಿತ್ತು. ಮೀನಿಗೆ ಎರಗಿದ ತಾಯಿಹಕ್ಕಿಯ ಎದೆಗೆ ಒಂದು ಹನಿ ಎಣ್ಣೆ ಮೆತ್ತಿದರೂ ಸಾಕು. ಇನ್ನೂ ಒಡೆಯದ ಮೊಟ್ಟೆಗೆ ಅದು ಹೋಗಿ ಕಾವು ಕೊಟ್ಟರೆ ಎಣ್ಣೆ ಚಿಪ್ಪಿನ ಮೂಲಕ ಇಳಿದು ಒಳಗಿನ ಜೀವ ಸಾಯುತ್ತದೆ.

ಮಧ್ಯಾಹ್ನದೊಳಗೆ ಗಸ್ತು ದೋಣಿ ಹನ್ನೆರಡು ಸಾವಿರ ರೊಟ್ಟಿಗಳನ್ನು ಒಯ್ದು ಬೆಳ್ಗಲ್ಲಿನ ಆಚೆ ಸಾಲಾಗಿ ಬಿಟ್ಟು ಬಂತು. ಪರದೆಯ ತುಂಬ ಹಳದಿ ಚುಕ್ಕೆಗಳ ಒಂದು ಬೇಲಿ. ಹಸಿದು ಕಾದು ನಿಂತ ಸೈನ್ಯ. ನನಗೆ ಆ ಹೊತ್ತು ಹೆಮ್ಮೆಯಾಯಿತು ಎಂದರೆ ಸುಳ್ಳಲ್ಲ.

ಸಂಜೆ ಮನೆಗೆ ಬರುವಾಗ ಇಡೀ ಊರು ದಡದಲ್ಲಿತ್ತು. ಮೂವತ್ತೆಂಟು ದೋಣಿಗಳಿಗೂ ಎಣ್ಣೆ ತಿಕ್ಕುತ್ತಿದ್ದರು. ಮೊದಲೇ ತಿಕ್ಕಿದ್ದವಕ್ಕೂ ಇನ್ನೊಂದು ಕೈ, ಮತ್ತೊಂದು ಕೈ. ಹಗ್ಗಕ್ಕೆ, ಲಂಗರಿಗೆ, ದೋಣಿ ಕಟ್ಟುವ ಕಂಬಕ್ಕೂ ಬಿಟ್ಟಿರಲಿಲ್ಲ.

“ಡಾಂಬರು ಬತ್ತದೆ ಅಂದ್ರಲ್ಲ,” ಎಂದಳು ಬುದವಂತಿ, ಮೊಣಕೈವರೆಗೆ ಎಣ್ಣೆಯಾಗಿ. “ತಾರ್ಲೆ ಎಣ್ಣೆ ದಪ್ಪ ಇದ್ರೆ ಡಾಂಬರು ಹಲಗೆಗೆ ಕಚ್ಚೂದಿಲ್ಲ. ನಮ್ಮ ಅಜ್ಜಿ ಕಾಲದಿಂದ ಮಾಡ್ಕಂಡು ಬಂದದ್ದು.”

ಅದು ಸರಿಯಾದ ಮಾತೇ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು, ಹೂಂ ಎಂದು ಹೇಳಿ, ಸರಸರ ಮನೆಗೆ ನಡೆದೆ. ಹನ್ನೊಂದು ವರ್ಷ ಎಣ್ಣೆಯನ್ನೇ ಓದಿದವಳು ಮೂವತ್ತೆಂಟು ದೋಣಿ ಎಣ್ಣೆಯ ಪಕ್ಕದಲ್ಲೇ ಹಾದುಹೋದೆ, ತಲೆಗೆ ಏನೂ ಹೊಳೆಯಲಿಲ್ಲ. ಮೂಗು ಮುಚ್ಚಿದಾಗ ಬುದ್ಧಿಯನ್ನೂ ಮುಚ್ಚಿಕೊಂಡಿದ್ದೆನೆಂದು ಕಾಣುತ್ತದೆ. ಆಮೇಲೆ ಮಳೆ ಹಿಡಿಯಿತು. ಬೆಳಗಿನವರೆಗೂ ಸುರಿಯಿತು.

ಬೆಳಿಗ್ಗೆ ಏಳಕ್ಕೆ ಫಿಲೋಮಿನಾ ಫೋನು ಮಾಡಿದಳು. “ಮೇಡಂ, ನಿಮ್ಮ ರೊಟ್ಟಿ ಎಲ್ಲಾ ಹಸಿರಾಗವೆ.”

“ಎಣ್ಣೆ ಇಷ್ಟು ಬೇಗ ಬಂತೇನು?”

“ಎಣ್ಣೆ ಬರಲಿಲ್ಲ. ರೊಟ್ಟಿಯೇ ಬಂದವೆ. ಕಿಟಕಿಯಿಂದ ಕಾಣ್ತವೆ ನೋಡಿ.”

ನಾನು ಚಪ್ಪಲಿ ಹಾಕದೆ ದಡಕ್ಕೆ ಓಡಿದೆ. ಮರಳಿನ ಮೇಲೆ, ದೋಣಿಗಳ ಬುಡದಲ್ಲಿ, ಅಲೆಯ ಅಂಚಿನ ಉದ್ದಕ್ಕೂ, ಎಲ್ಲಿ ನೋಡಿದರಲ್ಲಿ ರೊಟ್ಟಿಗಳು. ಮದುವೆಮನೆಯ ಪಂಕ್ತಿಗೆ ನುಗ್ಗಿದವರಂತೆ ಒಂದರ ಮೇಲೊಂದು ಬಿದ್ದು, ಮಳೆ ತೊಳೆದಿಳಿಸಿದ ತಾರ್ಲೆ ಎಣ್ಣೆಯನ್ನು ತಿನ್ನುತ್ತಿದ್ದವು. ಹೊಳೆಯ ಕೆಂಪು ನೀರು ಆ ಎಣ್ಣೆಯ ತೆಳುಪೊರೆಯನ್ನು ಬೆಳ್ಗಲ್ಲಿನಾಚೆಗೂ ಒಯ್ದಿತ್ತು. ಹಸಿದು ನಿಂತವಕ್ಕೆ ವಾಸನೆಯ ದಾರಿ ಸಿಕ್ಕಿತು. ಬೇಲಿ ಎದ್ದು ಊಟಕ್ಕೆ ಬಂದಿತ್ತು.

ಗಸ್ತು ದೋಣಿ ಆಗಲೇ ಬೇರೆ ಕಡೆ ಹೋಗಿತ್ತು. ಬೆಳ್ಗಲ್ಲಿಗೂ ಕಪ್ಪು ಎಣ್ಣೆಗೂ ನಡುವೆ ಈಗ ಬರೀ ನೀರು. ಉಳಿದದ್ದು ಒಂದು ದಿನ.

“ಇದೇನ್ ಮಾಡೀರಿ ನೀವು?” ಎಂದು ನಾನು ಕೂಗಾಡಿದೆ. “ಇಷ್ಟು ಎಣ್ಣಿ ಸುರುವೋಕಿಂತ ಮೊದ್ಲ ನನಗೊಂದ್ ಮಾತ್ ಕೇಳಬಾರ್ದಿತ್ತೇನ್ರಿ?”

ಗಂಡಸರು ಮರಳು ನೋಡುತ್ತ ನಿಂತರು. ಬುದವಂತಿಯ ಮುಖ ಬಾಡಿದ್ದು ಕಂಡಾಗ ನನಗೆ ನಾಚಿಕೆಯಾಯಿತು. ಅವಳು ತಿಕ್ಕುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ಪ್ರಯೋಗಾಲಯದ ತೊಟ್ಟಿಯಲ್ಲಿ ಹನ್ನೊಂದು ವರ್ಷ ನಾನು ರೊಟ್ಟಿಗೆ ಕಪ್ಪು ಎಣ್ಣೆಯೊಂದನ್ನೇ ಕೊಟ್ಟಿದ್ದೆ. ಬೇರೇನೂ ಸಿಗದವನು ಕಲ್ಲನ್ನೂ ತಿನ್ನುತ್ತಾನೆ. ಸಮುದ್ರದ ದಡದಲ್ಲಿ ಮೀನಿನ ಎಣ್ಣೆ ಇರುತ್ತದೆ ಎಂಬುದು ಬಯಲುಸೀಮೆಯ ವಿಜ್ಞಾನಿಗೆ ಗೊತ್ತಿರಬೇಕಿತ್ತು.

“ತಪ್ಪು ನಂದ, ಬುದವಂತಕ್ಕ,” ಎಂದೆ. “ಈಗ ಎಲ್ಲಾ ದೋಣಿ ಸೋಪು ಹಾಕಿ ತೊಳಿಬೇಕು. ಇಲ್ಲಾಂದ್ರ ಇವು ಇಲ್ಲಿಂದ ಏಳಂಗಿಲ್ಲ.”

“ಸೋಪು ಹಾಕಿದ್ರೆ ನಿನ್ನ ರೊಟ್ಟಿ ಒಳಗಿನ ಹುಳ ಬದುಕ್ತವಾ?”

ಬದುಕುವುದಿಲ್ಲ.

ಅವಳು ಒಂದು ರೊಟ್ಟಿಯನ್ನು ಎತ್ತಿ ಕೈಯಲ್ಲಿ ತೂಗಿ ನನ್ನತ್ತ ತಿರುಗಿದಳು. “ತಿಂದ್ಕಂಡು ದಪ್ಪ ಆಗವೆ. ನೀಲಮ್ಮ, ನೀ ಇವಕ್ಕೆ ಬರೀ ಗಂಜಿ ಹಾಕಿ ಸಾಕಿದ್ದು. ಉಪ್ಪಿನಕಾಯಿ ರುಚಿ ಕಂಡ ಮೇಲೆ ಬರೀ ಗಂಜಿ ಯಾವ ಮಗು ತಿಂತದೆ? ಉಪ್ಪಿನಕಾಯಿ ಕಸ್ಕಂಡ್ರೆ ಮಗು ಉಣ್ಣೂದಿಲ್ಲ. ಗಂಜಿಗೇ ಒಂಚೂರು ಉಪ್ಪಿನಕಾಯಿ ಹಾಕಿ ಕೊಡಬೇಕಪ್ಪ.”

ನಾನು ಎರಡು ರೊಟ್ಟಿಗಳನ್ನೂ ಒಂದು ಡಬ್ಬಿ ತಾರ್ಲೆ ಎಣ್ಣೆಯನ್ನೂ ಹಿಡಿದು ಮಾಳಿಗೆಗೆ ಓಡಿದೆ.

ಎರಡು ಬೋಗುಣಿಗಳಲ್ಲಿ ಸಮುದ್ರದ ನೀರು, ಎರಡರಲ್ಲೂ ಕಪ್ಪು ಎಣ್ಣೆ. ಒಂದಕ್ಕೆ ಮಾತ್ರ ಒಂದು ಚಮಚೆ ತಾರ್ಲೆ ಎಣ್ಣೆ. ಎರಡಕ್ಕೂ ಒಂದೊಂದು ರೊಟ್ಟಿ. ಮೊದಲನೆಯದರಲ್ಲಿ ರೊಟ್ಟಿ ಮುನಿಸಿಕೊಂಡ ಅಳಿಯನಂತೆ ಸುಮ್ಮನೆ ಕೂತಿತು. ಎರಡನೆಯದರಲ್ಲಿ ವಿದ್ಯುತ್ತು ಏರಿತು. ಮುಕ್ಕಾಲು ಗಂಟೆಯಲ್ಲಿ ಮೀನಿನ ಎಣ್ಣೆ ಮುಗಿಯುತ್ತದೆ, ಆಗ ಇಳಿಯುತ್ತದೆ ಎಂದು ನಾನೂ ಫಿಲೋಮಿನಾಳೂ ಕಾದೆವು. ಮುಕ್ಕಾಲು ಗಂಟೆ ಕಳೆಯಿತು, ಒಂದೂವರೆ ಕಳೆಯಿತು, ಇಳಿಯಲಿಲ್ಲ. ಸುಲಭದ ಊಟ ಸಿಕ್ಕಿ ಬ್ಯಾಕ್ಟೀರಿಯಾಗಳು ಹಲವು ಪಟ್ಟು ಹೆಚ್ಚಿದ್ದವು. ಮೀನಿನ ಎಣ್ಣೆ ಬೆರೆತು ಕಪ್ಪು ಎಣ್ಣೆಯೂ ಸಡಿಲವಾಗಿ ಸಣ್ಣ ಹನಿಗಳಾಗಿ ಒಡೆದಿತ್ತು. ಸುಲಭದ್ದು ಮುಗಿದ ಮೇಲೆ ಅಷ್ಟೂ ಬಾಯಿಗಳು ಕಷ್ಟದ್ದಕ್ಕೆ ಕೈಹಾಕಿದ್ದವು.

“ಹಸಿರೇ ಅದೆ ಮೇಡಂ,” ಎಂದಳು ಫಿಲೋಮಿನಾ. ಮೊದಲ ಸಲ ಅವಳ ದನಿ ಸ್ವಲ್ಪ ನಡುಗಿದಂತಿತ್ತು.

ಇನ್ನು ರೊಟ್ಟಿಗಳನ್ನೂ ತಾರ್ಲೆ ಎಣ್ಣೆಯನ್ನೂ ಸಮುದ್ರಕ್ಕೆ ಒಯ್ಯಬೇಕು. ದೋಣಿಗಳಿವೆ, ಜನರಿದ್ದಾರೆ, ಮಳೆ ಬಿಟ್ಟು ಸಮುದ್ರವೂ ತುಸು ತಣ್ಣಗಾಗಿದೆ. ಆದರೆ ನೂಲಹುಣ್ಣಿಮೆಗೆ ಇನ್ನೂ ಒಂಬತ್ತು ದಿನವಿತ್ತು. ಆ ದಿನ ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುವವರೆಗೆ ಬೇಲೆಕೋಡಿಯ ದೋಣಿ ಸಮುದ್ರಕ್ಕೆ ಇಳಿಯುವುದಿಲ್ಲ. ಎಂದೂ ಇಳಿದದ್ದಿಲ್ಲ.

ನಾವು ತಾಂಡೇಲ ಜಟ್ಟಪ್ಪನ ಮನೆಗೆ ಹೋದೆವು. ತಾಂಡೇಲನೆಂದರೆ ದೋಣಿಗಳ ಮುಂದಾಳು. ಅವನ ಮಾತಿಲ್ಲದೆ ಒಂದು ಹಗ್ಗವೂ ಬಿಚ್ಚದು. ನಾನು ಮೊಟ್ಟೆ, ಮರಿ, ಚಿಪ್ಪು ಎಂದು ವಿಜ್ಞಾನವನ್ನೆಲ್ಲ ಹೇಳಿದೆ. ಅವನು ವೀಳ್ಯ ಜಗಿಯುತ್ತ ಕೇಳಿಸಿಕೊಂಡ.

“ಹಕ್ಕಿ ಹೋದ್ರೆ ನಾನೂ ಕುರುಡನೇ, ಅದು ನಂಗೆ ಗೊತ್ತಿಲ್ದೆ ಅಲ್ಲ,” ಎಂದ. “ಆದ್ರೆ ಕಾಯಿ ಕೊಡದೆ ಕಡಲಿಗೆ ಕೈ ಹಾಕೂಕೆ ಆಗೂದಿಲ್ಲಮ್ಮ. ನಾಳೆ ಒಂದ್ ಹುಡ್ಗ ನೀರು ಪಾಲಾದ್ರೆ ಅವನ ತಾಯಿಗೆ ನಾ ಎಂತಾ ಹೇಳ್ಲಿ?”

ಬಾಗಿಲಲ್ಲಿ ನಿಂತಿದ್ದ ಬುದವಂತಿ ಕೇಳಿದಳು, “ಜಟ್ಟಣ್ಣ, ಕಾಯಿ ಎಂತಕ್ಕೆ ಕೊಡೂದು?”

“ಮೀನು ತಕಂಬೂಕೆ ಹೋಗ್ತ್ರಲ್ಲ, ಅದಕ್ಕೆ. ತಕಂಬೂ ಮೊದಲು ಕೊಡಬೇಕು.”

“ನಾಳೆ ನಾವು ತಕಂಬೂಕೆ ಹೋಗೂದಾ? ಬಲೆ ಹಾಕೂದಿಲ್ಲ, ಗಾಳ ಹಾಕೂದಿಲ್ಲ. ವರ್ಷವೆಲ್ಲಾ ಅದರ ತಾರ್ಲೆ ಕಾಸಿ ತೆಗ್ದ ಎಣ್ಣೆ, ಅದಕ್ಕೇ ತಿರುಗಿ ಕೊಟ್ಟು ಬರೂದು. ಕೊಡೂಕೆ ಹೋಗೂಕೂ ಅಪ್ಪಣೆ ಬೇಕಾ?”

ಜಟ್ಟಪ್ಪ ಎದ್ದು ಹೊರಗೆ ಹೋಗಿ ಉಗಿದು ಬಂದ. “ಒಂದು ಬಲೆ ದೋಣಿಯಲ್ಲಿ ಇರಕಾಗ,” ಎಂದ. “ಒಂದು ಗಾಳವೂ ಇರಕಾಗ. ಇದ್ರೆ ನಾನೇ ಕಡಲಿಗೆ ಬಿಸಾಕ್ತೆ.”

ಆ ದಿನ ಸಂಜೆಯವರೆಗೆ ಹೆಂಗಸರು ಮೀನಿನ ಬುಟ್ಟಿಗಳಲ್ಲಿ ರೊಟ್ಟಿ ಆರಿಸಿದರು. ಬುದವಂತಿ ತನ್ನ ಅಟ್ಟದಲ್ಲಿದ್ದ ಎಣ್ಣೆಯ ಡಬ್ಬಿಗಳನ್ನೆಲ್ಲ ಇಳಿಸಿದಳು, ಒಂದನ್ನೂ ಉಳಿಸಿಕೊಳ್ಳಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಮೂವತ್ತೆಂಟು ದೋಣಿಗಳು ನೀರಿಗಿಳಿದವು. ನಾನು ಜಟ್ಟಪ್ಪನ ದೋಣಿಯಲ್ಲಿದ್ದೆ. ಬೆಳ್ಗಲ್ಲು ದಾಟುವಾಗ ಹಕ್ಕಿಗಳು ತಲೆಯ ಮೇಲೆ ಕಿರುಚಿ ಬೈದವು. ಅಲ್ಲಿಂದ ಅರ್ಧ ಕಿಲೋಮೀಟರ್ ಆಚೆ ಸಮುದ್ರದ ಬಣ್ಣ ಬದಲಾಗಿತ್ತು. ಅಲೆ ಏಳುತ್ತಿತ್ತು, ಒಡೆಯುತ್ತಿರಲಿಲ್ಲ. ಎಣ್ಣೆಯ ತೂಕ ಅದನ್ನು ಅದುಮಿ ಹಿಡಿದಿತ್ತು. ಸದ್ದಿಲ್ಲದ ಸಮುದ್ರವನ್ನು ನಾನು ಮೊದಲ ಬಾರಿ ನೋಡಿದೆ, ನನಗೆ ಭಯವಾಯಿತು.

ಜಟ್ಟಪ್ಪ ತಲೆಯ ವಸ್ತ್ರ ಬಿಚ್ಚಿ ಎರಡು ಸಲ ಬೀಸಿದ. ದೋಣಿಗಳು ರಂಪಣಿ ಬಲೆ ಬಿಡುವಾಗಿನ ಹಾಗೆ ಅರ್ಧಚಂದ್ರಾಕಾರವಾಗಿ ಹರಡಿದವು. ಬಲೆಯೊಂದು ಮಾತ್ರ ಇರಲಿಲ್ಲ. ಮೀನಿನ ಹಿಂಡನ್ನು ಸುತ್ತುವ ಆ ಜನ ಎಣ್ಣೆಯನ್ನು ಅದೇ ನಿಧಾನದಲ್ಲಿ, ಹಾಗೇ ಸದ್ದಿಲ್ಲದೆ ಹುಟ್ಟು ಹಾಕುತ್ತ ಸುತ್ತಿದರು. ಪ್ರತಿ ದೋಣಿಯಲ್ಲೂ ಒಬ್ಬರು ತೆಂಗಿನ ಚಿಪ್ಪಿನಿಂದ ತಾರ್ಲೆ ಎಣ್ಣೆ ಚಿಮುಕಿಸಿದರೆ ಇನ್ನೊಬ್ಬರು ರೊಟ್ಟಿ ಎಸೆದರು. ಮೊದಲ ಚಿಪ್ಪು ಸುರಿಯುವಾಗ ಜಟ್ಟಪ್ಪ ಕಣ್ಣು ಮುಚ್ಚಿ ಏನೋ ಹೇಳಿಕೊಂಡ. ಏನೆಂದು ನಾನು ಕೇಳಲಿಲ್ಲ.

ಮೊದಲು ಏನೂ ಆಗಲಿಲ್ಲ. ರೊಟ್ಟಿಗಳು ಕಪ್ಪಿನ ಮೇಲೆ ಬಿದ್ದು ಸುಮ್ಮನೆ ತೇಲಿದವು. ಹೊತ್ತು ಏರಿತು. ರೇಡಿಯೋದಲ್ಲಿ ಫಿಲೋಮಿನಾಳ ದನಿ: “ನಾಲ್ಕು ನೂರು ಹಸಿರು.” ಆಮೇಲೆ, “ಮೂರು ಸಾವಿರ.” ಆಮೇಲೆ ಬಹಳ ಹೊತ್ತು ಮಾತೇ ಇಲ್ಲ. ನಾನು ರೇಡಿಯೋವನ್ನು ಕಿವಿಗೆ ಒತ್ತಿಕೊಂಡು ಕೂತಿದ್ದೆ.

“ಫಿಲೋಮಿನಾ?”

“ಎಣಿಸೂದು ಬಿಟ್ಟೆ ಮೇಡಂ. ಪರದೆ ಪೂರಾ ಹಸಿರು. ತಾರ್ಲೆ ಎಣ್ಣೆ ಮುಗಿದು ಒಂದು ಗಂಟೆ ಆಗಿರಬೇಕು, ಇನ್ನೂ ಹಸಿರು.”

ನಾನು ದೋಣಿಯ ಅಡ್ಡಹಲಗೆಗೆ ತಲೆಯಿಟ್ಟು ಅತ್ತೆ. ಜಟ್ಟಪ್ಪ ನೋಡದವನಂತೆ ಆಚೆ ತಿರುಗಿ ಕೂತ. ಮಧ್ಯಾಹ್ನ ಎರಡರ ಸುಮಾರಿಗೆ ದೋಣಿಯ ಪಕ್ಕದಲ್ಲಿ ಒಂದು ಅಲೆ ಎದ್ದು, ಬೆಳ್ಳಗೆ ಒಡೆಯಿತು. ಅದರ ಸದ್ದು ಕೇಳಿ ಎಲ್ಲ ದೋಣಿಗಳಲ್ಲೂ ಜನ ತಲೆಯೆತ್ತಿದರು.

ಎಲ್ಲವೂ ಉಳಿಯಿತೆಂದಲ್ಲ. ಬಂಡೆಯ ತೆಂಕಣ ಮೂಲೆಗೆ ಒಂದು ಕಪ್ಪು ಪಟ್ಟಿ ಹತ್ತಿತು, ಅದು ಇವತ್ತಿಗೂ ಇದೆ. ಹತ್ತೊಂಬತ್ತು ಹಕ್ಕಿಗಳಿಗೆ ಎಣ್ಣೆ ತಾಗಿತು. ಏಳುನೂರು ಗೂಡುಗಳಲ್ಲಿ ಹತ್ತೊಂಬತ್ತು ಹಕ್ಕಿ. ಅವನ್ನು ತೊಳೆಯುವ ತಂಡ ಕಾರವಾರದಿಂದ ಬಂತು. ಜಟ್ಟಪ್ಪ ಮಾತ್ರ ಒಂದು ಹಕ್ಕಿಯನ್ನು ವಸ್ತ್ರದಲ್ಲಿ ಸುತ್ತಿ ತಂದು ನೇರ ನನ್ನ ಮಡಿಲಿಗೆ ಹಾಕಿದ. ನಾನು ಬೇಡವೆಂದೆ. ನನ್ನ ಕೈ ಸರಿಯಿಲ್ಲ ಎಂದೆ. ಬುದವಂತಿಗೆ ಆ ಕಡಲಕಾಗೆಯ ಕಥೆಯನ್ನೂ ಹೇಳಿದೆ.

“ನೀ ತೊಳೆದದ್ದು ಸರಿ ಇತ್ತು,” ಎಂದಳು ಎಲ್ಲ ಕೇಳಿ. “ನೋಡೂದು ಬಿಟ್ಟಿ. ದೋಣಿ ಆದ್ರೂ ನೋಡದೆ ಇಳಿಸ್ತ್ರಾ?”

ಹಿತ್ತಲಲ್ಲಿ ತೊಟ್ಟಿ ಇಟ್ಟೆವು. ಕೊಬ್ಬರಿ ಎಣ್ಣೆಯಿಂದ ಡಾಂಬರನ್ನು ಸಡಿಲಿಸಿ, ತಿಳಿ ಸೋಪಿನಿಂದ ತೊಳೆದು, ಬೆಚ್ಚನೆಯ ನೀರನ್ನು ಹಾಕಿದೆವು. ಹಾಕಿದೆವು, ಹಾಕುತ್ತಲೇ ಇದ್ದೆವು. ಮಧ್ಯೆ ಮಧ್ಯೆ ಬುದವಂತಿ ಹಕ್ಕಿಯ ಬೆನ್ನಿಗೆ ಒಂದು ಬೊಗಸೆ ತಣ್ಣೀರು ಸುರಿದು ಬಗ್ಗಿ ನೋಡುತ್ತಿದ್ದಳು. ಅಂಟಿಕೊಂಡರೆ ತಲೆಯಾಡಿಸುವಳು. ಮತ್ತೆ ನೀರು. ಅದು ನನ್ನ ಬೆರಳುಗಳನ್ನು ಕುಕ್ಕಿ ಕುಕ್ಕಿ ರಕ್ತ ಬರಿಸಿತು. ಆಮೇಲೆ ಆರು ದಿನ ಹಕ್ಕಿ ನಮ್ಮ ಜಗಲಿಯಲ್ಲಿ ಕೂತು ಅಂಗೈಯಷ್ಟು ಉದ್ದದ ತಾರ್ಲೆಯನ್ನೂ ಬಿಡದೆ ನುಂಗಿ, ಗರಿಗಳನ್ನು ಒಂದೊಂದಾಗಿ ಕೊಕ್ಕಿನಿಂದ ನೇಯ್ದುಕೊಂಡಿತು.

ನೂಲಹುಣ್ಣಿಮೆಯ ಬೆಳಿಗ್ಗೆ ಊರೆಲ್ಲ ತೆಂಗಿನಕಾಯಿ ಹಿಡಿದು ದಡದಲ್ಲಿತ್ತು. ನಾನು ಹಕ್ಕಿ ಹಿಡಿದು ಮೊಣಕಾಲಿನವರೆಗಿನ ನೀರಲ್ಲಿ ನಿಂತಿದ್ದೆ. ಬೊಗಸೆ ನೀರು ಎತ್ತಲಿ ಎಂದು ಬುದವಂತಿಯ ಕಡೆ ನೋಡಿದೆ. ಅವಳು ಅಲ್ಲಾಡಲಿಲ್ಲ.

“ನೀನೇ ನೋಡು,” ಎಂದಳು.

ನಾನು ಒಂದು ಕೈಯಲ್ಲಿ ನೀರೆತ್ತಿ ಅದರ ಬೆನ್ನಿಗೆ ಬಿಟ್ಟೆ. ನೀರು ಮಣಿಮಣಿಯಾಗಿ ಉರುಳಿ ಜಾರಿ ಹೋಯಿತು. ಇನ್ನೊಮ್ಮೆ ಬಿಟ್ಟೆ, ಹಾಗೇ ಆಯಿತು. ಹಕ್ಕಿಯನ್ನು ನೀರಿಗಿಳಿಸಿ ಕೈ ತೆಗೆದೆ. ಅದು ಮುಳುಗಲಿಲ್ಲ. ಒಂದು ಸಣ್ಣ ಅಲೆಯ ಮೇಲೆ ಎದ್ದು, ಇಳಿದು, ಒಣ ಎದೆಯನ್ನು ಎತ್ತಿ ಕೂತು, ನನ್ನನ್ನು ಒಮ್ಮೆ ಬೈದು, ಬೆಳ್ಗಲ್ಲಿನ ಕಡೆಗೆ ಹಾರಿತು.

“ಒಪ್ತು,” ಎಂದೆ ನಾನು.

ಜಟ್ಟಪ್ಪ ಕಾಯಿಯನ್ನು ಸಮುದ್ರಕ್ಕೆ ಬಿಟ್ಟ, ದೋಣಿಗಳು ಹೊರಟವು.